ಚಾರುವಿನ ಕೈಗಳು: ‘ಚಾರುಲತಾ’ ಬ್ಲೂ-ರೇ ಆವೃತ್ತಿಯ ಕುರಿತು

ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ಚಿತ್ರವನ್ನು ನಾನು ಮೊದಲು ನೋಡಿದ್ದು ತೀರಾ ಸವೆದ ಪ್ರತಿಯೊಂದರಲ್ಲಿ. ಮುಖಗಳೆಲ್ಲ ಬಿಳಿಚಿಕೊಂಡಿದ್ದವು, ಕಪ್ಪು ಬಣ್ಣ ಬೂದಿಗೆ ತಿರುಗಿತ್ತು, ಮಾತಿನ ಹಿಂದೆ ಸದಾ ಒಂದು ಕರಕರ ಸದ್ದು. ಕಥೆ ತಿಳಿಯಿತು, ಆದರೆ ಚಾರು ತಿಳಿಯಲಿಲ್ಲ. ಮೈದುನನನ್ನು ಪ್ರೀತಿಸಿದ ಹೆಣ್ಣಿನ ಪಾಪಪ್ರಜ್ಞೆಯ ಕಥೆಯಿದು ಎಂದು ತೀರ್ಮಾನಿಸಿ, ಮನೋವಿಶ್ಲೇಷಣೆಯ ಪುಸ್ತಕಗಳನ್ನು ಓದುವವನಿಗೆ ಸಹಜವಾಗಿ ಬರುವ ಒಂದೆರಡು ಪಾರಿಭಾಷಿಕ ಪದಗಳನ್ನು ಅದಕ್ಕೆ ಅಂಟಿಸಿ ಸುಮ್ಮನಾಗಿದ್ದೆ. ಈಗ, 2013ರಲ್ಲಿ ಅಮೆರಿಕದಲ್ಲಿ ಹೊರಬಂದ ಬ್ಲೂ-ರೇ ಆವೃತ್ತಿಯನ್ನು ಹಲವು ಸಲ, ಅದರಲ್ಲೂ ಕೆಲವು ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ ಮೇಲೆ, ಆ ತೀರ್ಮಾನ ತಪ್ಪೆಂದು ಒಪ್ಪಿಕೊಳ್ಳಬೇಕಾಗಿದೆ. ಚಾರುವಿನಲ್ಲಿ ಇರುವುದು ಆತಂಕ, ಅಪರಾಧಿ ಭಾವವಲ್ಲ. ಆ ಆತಂಕ ಮಾತಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಇರುವುದೆಲ್ಲ ಕೈಗಳಲ್ಲಿ. ಚಿತ್ರ ಮಸುಕಾಗಿದ್ದರೆ ಕೈಗಳು ಕಾಣುವುದಿಲ್ಲ.

ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1879ರ ಸುಮಾರಿನ ಕಲ್ಕತ್ತ. ಸಿರಿವಂತ ಭೂಪತಿಗೆ ತಾನು ನಡೆಸುವ ಇಂಗ್ಲಿಷ್ ಪತ್ರಿಕೆಯೇ ಪ್ರಪಂಚ; ಹೆಂಡತಿ ಚಾರುವಿಗೆ ದೊಡ್ಡ ಮನೆ, ಪುಸ್ತಕದ ಕಪಾಟು, ಮುಗಿಯದ ಮಧ್ಯಾಹ್ನಗಳು. ಬಿರುಗಾಳಿಯೊಂದಿಗೆ ಭೂಪತಿಯ ಸಂಬಂಧದ ತಮ್ಮ ಅಮಲ್ ಬಂದಿಳಿಯುತ್ತಾನೆ. ಸಾಹಿತ್ಯಾಸಕ್ತಳಾದ ಚಾರುವನ್ನು ಬರವಣಿಗೆಗೆ ಹುರಿದುಂಬಿಸು, ಆದರೆ ನಾನು ಹೇಳಿದ್ದೆಂದು ತಿಳಿಸಬೇಡ ಎಂದು ಭೂಪತಿಯೇ ಅವನಿಗೆ ಹೇಳುತ್ತಾನೆ. ಮುಂದಿನದು ಚಿತ್ರಕ್ಕೆ ಆಧಾರವಾದ ರವೀಂದ್ರನಾಥ ಠಾಕೂರರ 1901ರ ನೀಳ್ಗತೆ ‘ನಷ್ಟನೀಡ’ವನ್ನು ಓದಿದವರಿಗೆ ಗೊತ್ತೇ ಇದೆ.

ಈ ಆವೃತ್ತಿಯ ದೊಡ್ಡ ಕೊಡುಗೆ 2ಕೆ ಮಟ್ಟದ (ಚಿತ್ರಿಕೆಯ ಅಗಲಕ್ಕೆ ಸುಮಾರು ಎರಡು ಸಾವಿರ ಚುಕ್ಕೆಗಳಷ್ಟು ಸ್ಪಷ್ಟತೆಯ) ಡಿಜಿಟಲ್ ಪುನಶ್ಚೇತನ. ಮೊದಲ ಚಿತ್ರಿಕೆಯಲ್ಲೇ ಅದರ ಬೆಲೆ ತಿಳಿಯುತ್ತದೆ. ಶೀರ್ಷಿಕೆಗಳು ಹಾಯುತ್ತಿರುವಾಗ ತೆರೆಯ ಮೇಲೆ ಎರಡು ಕೈಗಳು ಕರವಸ್ತ್ರದ ಮೇಲೆ ‘ಬಿ’ ಎಂಬ ಇಂಗ್ಲಿಷ್ ಅಕ್ಷರವನ್ನು ಕಸೂತಿ ಹಾಕುತ್ತಿರುತ್ತವೆ. ಅದು ಗಂಡನ ಹೆಸರಿನ ಮೊದಲಕ್ಷರ. ಹಳೆಯ ಪ್ರತಿಯಲ್ಲಿ ಬಿಳಿ ಬಟ್ಟೆಯ ಮೇಲಿನ ಈ ಕೆಲಸ ಬರಿಯ ಬೆಳಕಿನ ಮಚ್ಚೆಯಾಗಿತ್ತು; ಇಲ್ಲಿ ಸೂಜಿ ಬಟ್ಟೆಯಡಿಗೆ ಇಳಿದು ಮೇಲೆದ್ದು ಬರುವುದನ್ನು, ದಾರ ಬಿಗಿಯಾಗುವುದನ್ನು ನೋಡಬಹುದು. ಆಮೇಲೆ ಚಾರು ಕೋಣೆಯಿಂದ ಕೋಣೆಗೆ ಅಲೆಯುತ್ತಾಳೆ, ಕಪಾಟಿನಿಂದ ಬಂಗಾಳಿ ಕಾದಂಬರಿಕಾರ ಬಂಕಿಮರ ಪುಸ್ತಕವೊಂದನ್ನು ತೆಗೆಯುತ್ತಾಳೆ, ಹಿಡಿಕೆಯಿರುವ ಪುಟ್ಟ ದುರ್ಬೀನು ಹಿಡಿದು ಕಿಟಕಿಯ ಪಟ್ಟಿಗಳ ಸಂದಿಯಿಂದ ಬೀದಿಯಲ್ಲಿ ಹೋಗುವ ಕೋತಿಯಾಡಿಸುವವನನ್ನೂ ಕೊಡೆ ಹಿಡಿದ ದಢೂತಿ ಮನುಷ್ಯನನ್ನೂ ಹಿಂಬಾಲಿಸುತ್ತಾಳೆ. ಅಷ್ಟರಲ್ಲಿ ಭೂಪತಿ ಪುಸ್ತಕ ಓದುತ್ತ ಅವಳೆದುರೇ ಹಾದುಹೋಗುತ್ತಾನೆ, ನೋಡುವುದಿಲ್ಲ. ಅವನ ಬೆನ್ನನ್ನೂ ಅವಳು ಅದೇ ದುರ್ಬೀನಿನಲ್ಲಿ ನೋಡುತ್ತಾಳೆ. ದುರ್ಬೀನು ಹಿಡಿದ ಕೈ ಸೋತಂತೆ ಕೆಳಗಿಳಿಯುವ ಕ್ಷಣಕ್ಕೆ ಕ್ಯಾಮೆರಾ ಥಟ್ಟನೆ ಅವಳಿಂದ ದೂರ ಸರಿಯುತ್ತದೆ. ಹೆಚ್ಚುಕಡಿಮೆ ಮಾತಿಲ್ಲದ ಈ ಏಳೆಂಟು ನಿಮಿಷಗಳಲ್ಲಿ ಅಮಲ್ ಇನ್ನೂ ಬಂದಿಲ್ಲ, ನಿಷಿದ್ಧವಾದುದೇನೂ ನಡೆದಿಲ್ಲ. ಆದರೂ ಆತಂಕ ಆಗಲೇ ಆ ಮನೆಯಲ್ಲಿದೆ.

ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಮೊದಮೊದಲು ಆತಂಕವನ್ನು ದಮನಕ್ಕೊಳಗಾದ, ಎಂದರೆ ಅರಿವಿನಿಂದ ಒಳಕ್ಕೆ ಒತ್ತಲ್ಪಟ್ಟ, ಕಾಮದ ರೂಪಾಂತರವೆಂದು ಭಾವಿಸಿದ್ದರು. ಹೊರಬರಲು ದಾರಿ ಸಿಗದ ಬಯಕೆ ಕೆಟ್ಟು ಆತಂಕವಾಗುತ್ತದೆ ಎಂದು. 1926ರಲ್ಲಿ ಪ್ರತಿಬಂಧ, ರೋಗಲಕ್ಷಣ ಮತ್ತು ಆತಂಕವನ್ನು ಕುರಿತು ಬರೆದ ಪುಸ್ತಕದಲ್ಲಿ ಈ ಕ್ರಮವನ್ನು ಅವರೇ ತಿರುವುಮುರುವು ಮಾಡಿದರು. ದಮನದಿಂದ ಆತಂಕ ಹುಟ್ಟುವುದಲ್ಲ, ಆತಂಕದಿಂದ ದಮನ ಹುಟ್ಟುತ್ತದೆ. ಬರಲಿರುವ ಅಪಾಯವೊಂದರ ಸೂಚನೆಯಾಗಿ ಅಹಂ (ಮನಸ್ಸಿನ ‘ನಾನು’ ಎಂಬ ಭಾಗ) ಆತಂಕವನ್ನು ಗಂಟೆಯಂತೆ ಬಾರಿಸುತ್ತದೆ. ಆ ಅಪಾಯದ ಮೂಲಮಾದರಿಯಾಗಿ ಅವರು ತೋರಿಸುವುದು ಮಗುವನ್ನು: ಕತ್ತಲಲ್ಲಿ ಒಂಟಿಯಾದಾಗ, ಅಮ್ಮನಿರಬೇಕಾದಲ್ಲಿ ಅಪರಿಚಿತರು ಕಂಡಾಗ ಮಗು ಹೆದರುವುದು ಪ್ರೀತಿಸುವ ಜೀವ ಕಾಣದೆ ಹೋದದ್ದಕ್ಕೆ. ಚಾರುವನ್ನು ಓದಲು ನನಗೆ ಒದಗಿದ್ದು ಈ ಎರಡನೆಯ ಫ್ರಾಯ್ಡ್. ಮೊದಲನೆಯವರನ್ನು ಹಿಡಿದು ಹೊರಟರೆ ದುರ್ಬೀನು, ಉಯ್ಯಾಲೆ, ಬಿರುಗಾಳಿ ಎಲ್ಲವೂ ಕಾಮದ ಸಂಕೇತಗಳಾಗಿ ಅರ್ಧ ಗಂಟೆಯಲ್ಲಿ ವಿಶ್ಲೇಷಣೆ ಮುಗಿದುಹೋಗುತ್ತದೆ. ಅಂಥ ಓದುಗಳನ್ನು ನಾನೂ ಒಂದು ಕಾಲದಲ್ಲಿ ಉತ್ಸಾಹದಿಂದ ಮಾಡಿದ್ದೇನೆ. (ಕಥೆ ನಡೆಯುವ ಕಾಲಕ್ಕೆ ಫ್ರಾಯ್ಡ್ ಇನ್ನೂ ವಿಯೆನ್ನಾದಲ್ಲಿ ವೈದ್ಯಕೀಯ ಓದುತ್ತಿದ್ದ ಯುವಕ. ಅದೇ ಕಲ್ಕತ್ತದಲ್ಲಿ ಗಿರೀಂದ್ರಶೇಖರ ಬೋಸ್ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಲು 1922 ಬರಬೇಕಾಯಿತು.)

ತೋಟದ ದೃಶ್ಯವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಚಾರು ಉಯ್ಯಾಲೆಯಲ್ಲಿ ಕುಳಿತು ಮೆಲ್ಲನೆ ಹಾಡುತ್ತಾಳೆ. ಕ್ಯಾಮೆರಾ ಅವಳೊಂದಿಗೇ ತೂಗುವುದರಿಂದ ಅವಳ ಮುಖ ಸ್ಥಿರವಾಗಿ, ಲೋಕವೇ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಅಮಲ್ ಮರದ ನೆರಳಿನಲ್ಲಿ ಚಾಪೆಯ ಮೇಲೆ ಒರಗಿ, ಅವಳೇ ಕೊಟ್ಟ ನೋಟುಪುಸ್ತಕದಲ್ಲಿ ಬರೆಯುತ್ತಿದ್ದಾನೆ. ಅವಳು ದುರ್ಬೀನು ಎತ್ತುತ್ತಾಳೆ. ಮೊದಲು ಎಲೆಗಳು, ರೆಂಬೆಗಳು, ಆಮೇಲೆ ಪಕ್ಕದ ಮನೆಯಲ್ಲಿ ಮಗುವನ್ನೆತ್ತಿಕೊಂಡ ಒಬ್ಬ ತಾಯಿ. ಅಲ್ಲಿ ನೋಟ ಒಂದು ಗಳಿಗೆ ನಿಲ್ಲುತ್ತದೆ. ಬಳಿಕ ದುರ್ಬೀನು ಅಮಲನ ಕಡೆ ತಿರುಗುತ್ತದೆ; ಮತ್ತೆ ಇಳಿದಾಗ ಚಾರುವಾಗಿ ನಟಿಸಿರುವ ಮಾಧವಿ ಮುಖರ್ಜಿಯವರ ಮುಖದಲ್ಲಿ ನಗು ಇಲ್ಲ. ಮಕ್ಕಳಿಲ್ಲದ ಹೆಣ್ಣಿನ ತಾಯ್ತನದ ಹಂಬಲವೆಂದು ಇದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಅದೂ ಇದ್ದೀತು. ಆದರೆ ಚಿತ್ರವನ್ನು ಅಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಬಿಟ್ಟಾಗ ನನಗೆ ಕಂಡದ್ದು ಬೇರೆ: ಅವಳು ತಾಯಿಯ ಜಾಗದಲ್ಲಷ್ಟೇ ತನ್ನನ್ನು ಇಟ್ಟುಕೊಳ್ಳುತ್ತಿಲ್ಲ, ಎತ್ತಿಕೊಳ್ಳಲ್ಪಟ್ಟ ಮಗುವಿನ ಜಾಗದಲ್ಲೂ ಇಟ್ಟುಕೊಳ್ಳುತ್ತಿದ್ದಾಳೆ. ಯಾರೋ ತನ್ನನ್ನು ನೋಡಿದ್ದಾರೆ, ಈ ನೋಟ ಇನ್ನು ಇಲ್ಲವಾದರೆ ತಾನೂ ಇಲ್ಲ ಎಂಬ ಅರಿವು ಪ್ರೀತಿಯ ಅರಿವಿಗಿಂತ ಒಂದು ಹೆಜ್ಜೆ ಮುಂಚೆ ಬರುತ್ತದೆ. ಗಂಟೆ ಬಾರಿಸಿದ್ದು ಅಲ್ಲಿ. ಸುಬ್ರತ ಮಿತ್ರರ ಛಾಯಾಗ್ರಹಣದಲ್ಲಿ ಮುಖದ ಮೇಲೆ ಹಾಯುವ ನೆರಳಿನ ಅತಿ ಸಣ್ಣ ವ್ಯತ್ಯಾಸಗಳನ್ನು ಡಿಸ್ಕ್ ಉಳಿಸಿಕೊಂಡಿರದಿದ್ದರೆ ಇಷ್ಟು ಧೈರ್ಯವಾಗಿ ಇದನ್ನು ಬರೆಯುತ್ತಿರಲಿಲ್ಲ.

ಆ ನಂತರ ಅವಳ ಆತಂಕ ಜಾಗ ಬದಲಿಸುತ್ತ ಹೋಗುತ್ತದೆ. ನೋಟುಪುಸ್ತಕದಲ್ಲಿ ಬರೆದದ್ದು ತಮ್ಮಿಬ್ಬರೊಳಗೇ ಇರಬೇಕೆಂಬ ಕರಾರು ಹಾಕಿದ್ದವಳು, ಅಮಲ್ ಅದನ್ನು ಪ್ರಕಟಿಸಿದಾಗ ತಾನೂ ಬರೆಯಲು ಕೂರುತ್ತಾಳೆ. ಬರೆದದ್ದನ್ನು ಹರಿದು ಹಾಕುತ್ತಾಳೆ. ಕೊನೆಗೆ ತನ್ನ ಹಳ್ಳಿಯ ನೆನಪುಗಳನ್ನು ಬರೆದು ಹೆಸರಾಂತ ಪತ್ರಿಕೆಯೊಂದರಲ್ಲಿ ಪ್ರಕಟಿಸುತ್ತಾಳೆ. ಬಯಕೆ ಕಲೆಯಾಗಿ ಉದಾತ್ತೀಕರಣಗೊಂಡಿತು ಎನ್ನಲು ಹೇಳಿ ಮಾಡಿಸಿದಂಥ ಸಂದರ್ಭ; ಆದರೆ ರಾಯ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪತ್ರಿಕೆ ಹಿಡಿದು ಬಂದ ಚಾರು ಅದರಿಂದಲೇ ಅಮಲನ ತಲೆಗೆ ಹೊಡೆಯುತ್ತಾಳೆ, ಅವನು ಹೊಗಳತೊಡಗಿದರೆ ಇನ್ನು ಬರೆಯುವುದಿಲ್ಲವೆಂದು ಅವನೆದೆಗೆ ಮುಖವೊತ್ತಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಬರವಣಿಗೆ ಅವಳಿಗೆ ಬಯಕೆಯಿಂದ ಬಿಡುಗಡೆ ಕೊಟ್ಟಿಲ್ಲ, ಗೆದ್ದ ಗಳಿಗೆಯಲ್ಲೇ ಅದು ಕೈಕೊಟ್ಟಿದೆ. ಅಳುವಾಗ ಅವಳ ಬೆರಳುಗಳು ಅಂಗಿಯನ್ನು ಹಿಡಿದುಕೊಂಡ ರೀತಿಯನ್ನು ಗಮನಿಸಿ. ಪ್ರಣಯದ ಅಪ್ಪುಗೆಗಿಂತ ಮುಳುಗುವವರ ಹಿಡಿತಕ್ಕೆ ಅದು ಹತ್ತಿರ.

ಅದೇ ಹೊತ್ತಿಗೆ ಅಮಲನ ಮುಖವನ್ನೂ ನೋಡಬೇಕು. ಅವನಿಗೆ ಆಗ ತಾನೇ ಏನೋ ಹೊಳೆದಿದೆ, ಆದರೆ ಅವನು ಅಲುಗುವುದಿಲ್ಲ. ಅವನನ್ನು ಅಲುಗಿಸುವುದು ಆಮೇಲಿನ ಇನ್ನೊಂದು ಘಟನೆ. ಚಾರುವಿನ ಅಣ್ಣ ಪತ್ರಿಕೆಯ ಹಣ ನುಂಗಿ ಓಡಿಹೋಗಿದ್ದಾನೆ. ನಂಬಿದವರೇ ಹೀಗೆ ಮಾಡಿದರೆ ಇನ್ನಾರನ್ನು ನಂಬಲಿ ಎಂದು ಭೂಪತಿ ಅಮಲನೆದುರು ಕುಸಿಯುತ್ತಾನೆ. ಅಮಲ್ ಪಾತ್ರದ ಸೌಮಿತ್ರ ಚಟರ್ಜಿ ಇಲ್ಲಿ ಏನೂ ಮಾಡದೆ ಎಲ್ಲವನ್ನೂ ಮಾಡುತ್ತಾರೆ: ಆ ಮಾತು ತನ್ನನ್ನು ಕುರಿತೂ ನಿಜವೆಂದು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಅದು ಅಪರಾಧಿ ಭಾವ, ಒಳಗೆ ಕುಳಿತ ನ್ಯಾಯಾಧೀಶನ ದನಿ. ಅಮಲ್ ರಾತ್ರೋರಾತ್ರಿ ಚೀಟಿಯಿಟ್ಟು ಹೊರಟುಹೋಗುತ್ತಾನೆ. ನಿಷೇಧವೆಂಬುದು ಅವನಿಗೆ ಗೊತ್ತು, ಕೊನೆಯಲ್ಲಿ ಭೂಪತಿಗೂ ಗೊತ್ತಾಗುತ್ತದೆ. ಇಡೀ ಚಿತ್ರದಲ್ಲಿ ಅದಕ್ಕೆ ತಲೆಬಾಗದವಳು ಚಾರು ಒಬ್ಬಳೇ. ಅವಳು ಅವನಿಂದ ಕೇಳಿದ್ದು, ಏನೇ ಆದರೂ ಹೋಗುವುದಿಲ್ಲ ಎಂಬ ಒಂದು ಮಾತು. ಆಗಲೂ ಅವನನ್ನು ಹಿಡಿದೇ ಕೇಳುತ್ತಾಳೆ.

ಧ್ವನಿಯ ಬಗ್ಗೆಯೂ ಹೇಳಬೇಕು. ಮೂಲದ ಏಕವಾಹಿನಿ (ಮೋನೊ) ಧ್ವನಿಯನ್ನೇ ಕುಗ್ಗಿಸದೆ ಕೊಟ್ಟಿದ್ದಾರೆ, ಕೃತಕವಾಗಿ ಹಿಗ್ಗಿಸಲು ಹೋಗಿಲ್ಲ. ಗಡಿಯಾರದ ಗಂಟೆ, ಬೀದಿಯ ಕೂಗುಗಳು, ಕಾಗೆ, ಎಲ್ಲವೂ ತಮ್ಮ ತಮ್ಮ ದೂರದಲ್ಲೇ ಉಳಿದಿವೆ. ಸಮುದ್ರತೀರದಿಂದ ಗಂಡಹೆಂಡತಿ ಮರಳಿದಾಗ ಅಮಲನ ಕಾಗದ ಕಾದಿರುತ್ತದೆ. ಭೂಪತಿ ಹೊರಗೆ ಹೋದನೆಂದುಕೊಂಡು, ಗಾಳಿಗೆ ಕಿಟಕಿ ಬಡಿದ ಸದ್ದಿಗೆ ಕಟ್ಟೆಯೊಡೆದಂತೆ ಚಾರು ಅಳುತ್ತಾಳೆ. ಹಳೆಯ ಪ್ರತಿಯಲ್ಲಿ ಆ ಬಡಿತ ಗದ್ದಲದಲ್ಲಿ ಕಳೆದುಹೋಗಿ ಅಳು ಕಾರಣವಿಲ್ಲದೆ ಬಂದಂತಿತ್ತು. ಅಮಲ್ ಬಂದದ್ದೂ ಗಾಳಿಯೊಂದಿಗೆ ಎಂಬುದು ಈಗ ಕಿವಿಗೇ ನೆನಪಾಗುತ್ತದೆ.

ಇನ್ನು ಕೊರತೆಗಳು. ಉಪಶೀರ್ಷಿಕೆ ಇಂಗ್ಲಿಷಿನಲ್ಲಿ ಮಾತ್ರ. ಬಂಗಾಳಿಯಲ್ಲಿ ಚಾರು ಅಮಲನನ್ನು ‘ಠಾಕುರ್‌ಪೋ’ ಎಂದು ಕರೆಯುತ್ತಾಳೆ, ಅವನು ಅವಳನ್ನು ‘ಬೌಠಾನ್’ ಎನ್ನುತ್ತಾನೆ. ಮೈದುನ, ಅತ್ತಿಗೆ ಎಂದರೆ ನಮಗೆ ತಕ್ಷಣ ತಿಳಿಯುತ್ತದೆ: ಆ ಸಂಬೋಧನೆ ಸಲಿಗೆಗೆ ಪರವಾನಗಿಯನ್ನೂ ಅದರ ಗಡಿಯನ್ನೂ ಒಂದೇ ಉಸಿರಿನಲ್ಲಿ ಕೊಡುತ್ತದೆ. ಪ್ರತಿ ಸಲ ಕರೆದಾಗಲೂ ನಿಷೇಧ ನಾಲಿಗೆಯ ಮೇಲೆ ಬಂದುಹೋಗುತ್ತದೆ. ಇಂಗ್ಲಿಷಿನಲ್ಲಿ ಗಂಡನ ತಮ್ಮನಿಗೂ ಹೆಂಡತಿಯ ಅಣ್ಣನಿಗೂ ಒಂದೇ ಪದ; ಎಷ್ಟೇ ಒಳ್ಳೆಯ ಅನುವಾದವೂ ಇಲ್ಲಿ ಸೋಲಲೇಬೇಕು. ಕನ್ನಡದ ಉಪಶೀರ್ಷಿಕೆ ಇದ್ದಿದ್ದರೆ ಈ ಚಿತ್ರ ಅರ್ಧ ದೂರ ತಾನಾಗಿಯೇ ನಮ್ಮ ಬಳಿ ಬಂದುಬಿಡುತ್ತಿತ್ತು.

ಜೊತೆಗೆ ಕೊಟ್ಟಿರುವ ಸಾಮಗ್ರಿಯಲ್ಲಿ ಮಾಧವಿ ಮುಖರ್ಜಿ ಮತ್ತು ಸೌಮಿತ್ರ ಚಟರ್ಜಿಯವರ ಸಂದರ್ಶನಗಳಿವೆ, ರಾಯ್ ಅವರ ಹಳೆಯ ಧ್ವನಿಮುದ್ರಿತ ಸಂದರ್ಶನವಿದೆ, ಠಾಕೂರರ ಕಥೆ ಚಿತ್ರವಾದ ಬಗೆಯನ್ನು ಕುರಿತು ವಿದ್ವಾಂಸರಾದ ಮೊಯ್ನಾಕ್ ಬಿಸ್ವಾಸ್ ಮತ್ತು ಸುಪ್ರಿಯಾ ಚೌಧುರಿಯವರ ಮಾತುಗಳಿವೆ, ಪುಟ್ಟ ಪುಸ್ತಿಕೆಯೂ ಇದೆ. ಕಲಾವಿದರ ಮಾತು ನೆನಪಿನ ಮಾತು, ಪ್ರೀತಿಯಿಂದ ಕೇಳಬಹುದು. ಕಥೆಯ ಕಾಲ ಮತ್ತು ಆ ಕಾಲದ ಬಂಗಾಳಿ ಮನೆತನಗಳ ಹಿನ್ನೆಲೆ ಬೇಕಿದ್ದವರು ವಿದ್ವಾಂಸರಿಬ್ಬರ ಭಾಗವನ್ನು ಮೊದಲು ನೋಡಲಿ. ಮನಸ್ಸಿನ ಒಳಗನ್ನು ಕುರಿತು ಹೆಚ್ಚಿನ ನೆರವನ್ನು ಇವುಗಳಿಂದ ನಿರೀಕ್ಷಿಸಬಾರದು. ಮತ್ತೊಂದು ಎಚ್ಚರಿಕೆ: ಡಿಸ್ಕ್ ‘ಎ’ ವಲಯದ (ಅಮೆರಿಕ ಮೊದಲಾದ ಕಡೆಯ) ಯಂತ್ರಗಳಿಗೆ ಸೀಮಿತ, ಭಾರತವಿರುವುದು ‘ಸಿ’ ವಲಯದಲ್ಲಿ, ಎಲ್ಲ ವಲಯಗಳ ಡಿಸ್ಕ್‌ಗಳನ್ನೂ ಓದುವ ಯಂತ್ರವಿಲ್ಲದವರು ತರಿಸಿಕೊಂಡು ಪೇಚಾಡಬಾರದು. ಒಂದೇ ಸಲ ನೋಡಿ ಎತ್ತಿಡುವವರಿಗೂ ಇದರ ಅಗತ್ಯವಿಲ್ಲ. ತಿರುತಿರುಗಿ ನೋಡುವವರು ಮಾತ್ರ ಹಿಂಜರಿಯದೆ ಕೊಳ್ಳಬಹುದು.

ಕೊನೆಯ ದೃಶ್ಯದಲ್ಲಿ ರಿಮೋಟಿಗೆ ಕೆಲಸವಿಲ್ಲ. ಚಾರುವಿನ ಅಳುವನ್ನು ಕಂಡ ಭೂಪತಿ ಗಾಡಿಯಲ್ಲಿ ಗೊತ್ತುಗುರಿಯಿಲ್ಲದೆ ಸುತ್ತುತ್ತಾನೆ, ಕಣ್ಣೊರೆಸಿಕೊಳ್ಳಲು ತೆಗೆದ ಕರವಸ್ತ್ರದಲ್ಲಿ ಮೊದಲ ದೃಶ್ಯದ ಆ ‘ಬಿ’ ಅಕ್ಷರವಿರುತ್ತದೆ. ಮರಳಿ ಬಂದವನಿಗೆ ಚಾರು ಬಾಗಿಲು ತೆರೆದು, ಬಾ ಎಂದು ಕೈ ಚಾಚುತ್ತಾಳೆ, ಅವನೂ ಚಾಚುತ್ತಾನೆ, ಎರಡು ಕೈಗಳು ಮುಟ್ಟುವ ಮುಂಚೆ ರಾಯ್ ಅವರೇ ಚಿತ್ರವನ್ನು ನಿಲ್ಲಿಸಿಬಿಡುತ್ತಾರೆ. ಒಂದಾದ ಮೇಲೊಂದು ನಿಶ್ಚಲ ಚಿತ್ರಗಳು: ಕೈಗಳು, ಮುಖಗಳು, ದೀಪ ಹಿಡಿದ ಆಳು. ಸೂಜಿ ಹಿಡಿದ ಕೈಗಳಿಂದ ಶುರುವಾದದ್ದು ಇಲ್ಲಿಗೆ ಬಂದು ನಿಂತಿದೆ. ಠಾಕೂರರ ಕಥೆಯ ಅಂತ್ಯ ಬೇರೆ, ಮತ್ತು ಅದರಲ್ಲಿ ನಮ್ಮ ಊರೊಂದು ಬರುತ್ತದೆಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿ ಭೂಪತಿ ಪತ್ರಿಕೆಯೊಂದರ ಕೆಲಸ ಹಿಡಿದು ಮೈಸೂರಿಗೆ ಹೊರಡುತ್ತಾನೆ. ನನ್ನನ್ನೂ ಕರೆದುಕೊಂಡು ಹೋಗು ಎನ್ನುತ್ತಾಳೆ ಚಾರು. ಅವನು ಮೊದಲು ಆಗದೆನ್ನುತ್ತಾನೆ, ಅವಳ ಮುಖ ನೋಡಿ, ಸರಿ, ಬಾ ಎನ್ನುತ್ತಾನೆ. ಅದಕ್ಕೆ ಅವಳು ಹೇಳುವುದು ಒಂದೇ ಮಾತು: ‘ಥಾಕ್’, ಬೇಡ, ಇರಲಿ ಬಿಡು.