ಕಾಲೇಜು ಲ್ಯಾಬಿನ ಲಾಗಿನ್‌ಗೆ ಎಸ್‌ಎಸ್‌ಎಸ್‌ಡಿ: ಮಳೆಗಾಲದಲ್ಲೂ ನೆಚ್ಚಬಹುದು

ಉಡುಪಿಯ ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನನ್ನ ಹೊಣೆ. ಯಂತ್ರಗಳಲ್ಲೆಲ್ಲ ಇರುವುದು ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ; ವಿದ್ಯಾರ್ಥಿಗಳ ಹೆಸರು, ಪಾಸ್‌ವರ್ಡ್ ಇರುವುದು ಒಂದೇ ಎಲ್‌ಡ್ಯಾಪ್ ಸರ್ವರಿನಲ್ಲಿ, ಅಂದರೆ ಬಳಕೆದಾರರ ಮಾಹಿತಿಯನ್ನೆಲ್ಲ ಒಂದೆಡೆ ಇಡುವ ಕೇಂದ್ರ ಕಂಪ್ಯೂಟರಿನಲ್ಲಿ. ಆ ಸರ್ವರಿನ ಜೊತೆ ಪ್ರತಿ ಯಂತ್ರದ ಪರವಾಗಿ ಮಾತನಾಡುವುದು ಎಸ್‌ಎಸ್‌ಎಸ್‌ಡಿ ಎಂಬ ಉಚಿತ ತಂತ್ರಾಂಶ. ಕರಾವಳಿಯ ಲ್ಯಾಬುಗಳಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಕಾರಣ ನಮ್ಮ ಮಳೆ. ಗುಡುಗು ಸಿಡಿಲಿನ ದಿನಗಳಲ್ಲಿ ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಸ್ವಿಚ್ ಸುಡುತ್ತದೆ, ಪ್ರಾಯೋಗಿಕ ಪರೀಕ್ಷೆ ಮಾತ್ರ ನಿಲ್ಲುವುದಿಲ್ಲ. ಎಸ್‌ಎಸ್‌ಎಸ್‌ಡಿಯ ಸಂರಚನಾ ಕಡತದಲ್ಲಿ (ಸೆಟ್ಟಿಂಗ್‌ಗಳ ಫೈಲ್) 'ಕ್ಯಾಶ್ ಕ್ರೆಡೆನ್ಶಿಯಲ್ಸ್' ಎಂಬ ಸಾಲನ್ನು ಸೇರಿಸಿ 'ಟ್ರೂ' ಎಂದು ಬರೆದರೆ, ಒಮ್ಮೆ ಒಳಬಂದ ವಿದ್ಯಾರ್ಥಿಯ ಪಾಸ್‌ವರ್ಡಿನ ಹ್ಯಾಶ್ (ಮೂಲ ಪಾಸ್‌ವರ್ಡ್ ನೇರವಾಗಿ ತಿಳಿಯದ ಪರಿವರ್ತಿತ ರೂಪ) ಅದೇ ಯಂತ್ರದಲ್ಲಿ ಉಳಿಯುತ್ತದೆ. ಸರ್ವರ್ ಸಿಗದಿದ್ದರೂ ಬಾಗಿಲು ತೆರೆಯುತ್ತದೆ. ಆ ಯಂತ್ರದಲ್ಲಿ ಮಾತ್ರ, ಇದು ನೆನಪಿರಲಿ. ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತುಪಡಿಸಿದ ಆಸನವಿದೆ.

ಅಳವಡಿಕೆ ಕಷ್ಟವಲ್ಲ, ಶಿಸ್ತು ಬೇಕು. ಸಂರಚನಾ ಕಡತ ರೂಟ್ (ಯಂತ್ರದ ಮುಖ್ಯ ನಿರ್ವಾಹಕ ಖಾತೆ) ಹೆಸರಿನಲ್ಲಿರಲಿ, ಅನುಮತಿ 0600, ಅಂದರೆ ಒಡೆಯ ಮಾತ್ರ ಓದಿ ಬರೆಯುವಂತೆ, ಇರಲಿ. ಅದನ್ನು ಬೇರೆಯವರು ಓದುವಂತಿದ್ದರೆ ಸೇವೆ ಏಳುವುದೇ ಇಲ್ಲ. ಎಲ್ಲ ಸರಿಯಿದೆಯೇ ಎಂದು ನೋಡಲು, ಬಳಕೆದಾರರ ವಿವರ ತೋರಿಸುವ 'ಗೆಟೆಂಟ್' ಆಜ್ಞೆಯನ್ನು ಬರಿದೇ ಕೊಟ್ಟು ಎಲ್ಲ ಹೆಸರುಗಳ ಪಟ್ಟಿ ನಿರೀಕ್ಷಿಸಬೇಡಿ. ಮೂಲ ಸ್ಥಿತಿಯಲ್ಲಿ ಅದು ಬರುವುದಿಲ್ಲ. ಒಬ್ಬ ವಿದ್ಯಾರ್ಥಿಯ ಹೆಸರು ಕೊಟ್ಟು ಕೇಳಿ, ಇಲ್ಲವೇ 'ಐಡಿ' ಆಜ್ಞೆ ಬಳಸಿ.

ಹಲವರು ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಂಗಳೂರಿನ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಕೇಳಿದರು: "ಹೆಸರು ಕಾಣುತ್ತದೆ, ಪಾಸ್‌ವರ್ಡೂ ಸರಿ ಇದೆ, ಆದರೂ ಒಳಗೆ ಬಿಡುವುದಿಲ್ಲವಲ್ಲ ಮಾರಾಯರೇ!" ಅವರ ಸಂಪರ್ಕ ಗೂಢಲಿಪಿಯಿಲ್ಲದ 389ನೇ ಪೋರ್ಟಿನಲ್ಲಿ (ಸರ್ವರಿನ ಸಂಪರ್ಕ ದ್ವಾರ) ನಡೆಯುತ್ತಿತ್ತು. ಹೆಸರು ಹುಡುಕಲು ಅದು ಸಾಕು. ಪಾಸ್‌ವರ್ಡನ್ನು ಮಾತ್ರ ಎಸ್‌ಎಸ್‌ಎಸ್‌ಡಿ ಬೆತ್ತಲೆಯಾಗಿ ಕಳಿಸುವುದಿಲ್ಲ. ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಟಿಎಲ್‌ಎಸ್ ಬೇಕೇ ಬೇಕು. ಈ ಹಠ ನನಗೆ ಬಹಳ ಮೆಚ್ಚುಗೆ. ಆದರೆ ಪರದೆಯ ಮೇಲೆ 'ಲಾಗಿನ್ ವಿಫಲ' ಎಂಬಷ್ಟೇ ಹೇಳಿ ಸುಮ್ಮನಾಗುವುದು ನಿಜಕ್ಕೂ ಕೊರತೆ. ಕಾರಣ ಬೇಕಿದ್ದರೆ ಡೀಬಗ್ ಮಟ್ಟ (ಎಷ್ಟು ವಿವರ ದಾಖಲಿಸಬೇಕು ಎಂಬ ಆಯ್ಕೆ) ಏರಿಸಿ, ಲಾಗ್ ಎಂಬ ದಾಖಲೆ ಕಡತವನ್ನು ಓದಬೇಕು. ಟಿಎಲ್‌ಎಸ್ ಹಾಕಿದ ಮೇಲೂ ಹಳೆಯ ಯಂತ್ರಗಳಲ್ಲಿ ಗಡಿಯಾರ ನೋಡಿ. ರಜೆ ಮುಗಿಯುವಷ್ಟರಲ್ಲಿ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತು ದಿನಾಂಕ ವರ್ಷಗಳಷ್ಟು ಹಿಂದೆ ಹೋಗಿದ್ದರೆ, ಸರ್ವರಿನ ಗುರುತು ದೃಢಪಡಿಸುವ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಯಂತ್ರ ತಿರಸ್ಕರಿಸುತ್ತದೆ.

ಸರ್ವರಿನಲ್ಲಿ ವಿದ್ಯಾರ್ಥಿಯ ಗುಂಪು ಬದಲಿಸಿದ್ದು ಯಂತ್ರದಲ್ಲಿ ತಕ್ಷಣ ಕಾಣದಿದ್ದರೆ ಗಾಬರಿ ಬೇಡ. ಪಡೆದ ಮಾಹಿತಿಯನ್ನು ಎಸ್‌ಎಸ್‌ಎಸ್‌ಡಿ ಮೂಲ ಸ್ಥಿತಿಯಲ್ಲಿ 5400 ಸೆಕೆಂಡು (ಒಂದೂವರೆ ಗಂಟೆ) ಇಟ್ಟುಕೊಳ್ಳುತ್ತದೆ.

ಎಲ್ಲ ಸರಿಯಾಯಿತು ಅನ್ನಿಸಿದಾಗ ನೆಟ್‌ವರ್ಕ್ ಕೇಬಲ್ ಕಿತ್ತು, ಆ ಯಂತ್ರದಲ್ಲಿ ಮೊದಲೇ ಒಮ್ಮೆ ಒಳಬಂದ ವಿದ್ಯಾರ್ಥಿಯಿಂದಲೇ ಲಾಗಿನ್ ಮಾಡಿಸಿ ನೋಡಿ. ಈ ಪರೀಕ್ಷೆಯನ್ನು ಮೇ ತಿಂಗಳೊಳಗೆ ಮುಗಿಸಿ.