ಪೋರ್ಟಿಂಗ್ ಆದ ಹಳೇ ಜಿಪ್ಸಿ ಹೆಡ್: ಕೊಡಗಿನ ದಾರಿಯಲ್ಲಿ ಓಡಿಸಿ ನೋಡಿದ ಮೇಲೆ

ಎಂಜಿನ್ನಿನ ಮೇಲೆ ಕೂರುವ, ವಾಲ್ವುಗಳಿರುವ ಲೋಹದ ಭಾಗವೇ ಹೆಡ್. ಅದರಲ್ಲಿ ಗಾಳಿ ಒಳಬರುವ (ಇನ್‌ಟೇಕ್), ಹೊಗೆ ಹೊರಹೋಗುವ (ಎಕ್ಸಾಸ್ಟ್) ದಾರಿಗಳಿಗೆ ಪೋರ್ಟ್ ಎನ್ನುತ್ತಾರೆ, ಅವನ್ನು ಉಜ್ಜಿ ತಿದ್ದುವುದು ಪೋರ್ಟಿಂಗ್. ಹಾಗೆ ಪೋರ್ಟಿಂಗ್ ಆದ ಹೆಡ್ಡನ್ನು ಸೆಕೆಂಡ್ ಹ್ಯಾಂಡ್ ಮಾರುವವರು ಹೇಳುವ ಬೆಲೆಯಲ್ಲಿ ದೊಡ್ಡ ಪಾಲು ಅವರು ಹಿಂದೆ ಲೇತಿಗೆ ಸುರಿದ ದುಡ್ಡು. ಆ ದುಡ್ಡನ್ನು ನಾವು ತೀರಿಸಬೇಕಾಗಿಲ್ಲ. ಹೆಡ್ಡಿನಲ್ಲಿ ಇನ್ನೂ ಎಷ್ಟು ಲೋಹ ಉಳಿದಿದೆ, ಅಷ್ಟಕ್ಕೆ ಬೆಲೆ ಕಟ್ಟಿದರೆ ಸಾಕು. ಕೆಲವು ಮಳೆಗಾಲ ದಾಟಿಸಿ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಮಾರುತಿಯ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿ, 1298 ಸಿಸಿ, 16 ವಾಲ್ವಿನ ಜಿ13ಬಿಬಿ ಎಂಜಿನ್. ನಾಪೋಕ್ಲು ಕಡೆ ತೋಟ. ದಿನದ ಓಡಾಟ ಅಲ್ಲೇ, ಸಂತೆ-ಆಫೀಸು ಅಂತ ಮಡಿಕೇರಿ, ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯ, ಮಂಗಳೂರು. ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಗಾಡಿ ರೇಸ್) ಇಟ್ಟರೆ ಹೆಸರು ಕೊಡುವುದೂ ಉಂಟು. ಹೆಡ್ ಸಿಕ್ಕಿದ್ದು ರ‍್ಯಾಲಿ ಓಡಿಸುವುದು ಬಿಟ್ಟ ಪರಿಚಯದವರೊಬ್ಬರಿಂದ. ಅವರು ಕೇಳಿದ್ದು ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಹೆಡ್ಡಿನ ಮೂರು ಪಟ್ಟು. ಕೊನೆಗೆ ಕುದುರಿದ್ದು ಒಂದೂವರೆ ಪಟ್ಟಿಗೆ. ಆ ಇಳಿಕೆ ಬರೀ ಚೌಕಾಸಿಯಿಂದ ಬಂದದ್ದಲ್ಲ, ಮೈಸೂರಿನ ಲೇತಿನಲ್ಲಿ ತೆಗೆಸಿದ ಅಳತೆಗಳಿಂದ ಬಂತು.

ಮೊದಲು ನೋಡಬೇಕಾದದ್ದು ಹೆಡ್ಡಿನ ಎತ್ತರ. ಪ್ರತಿ ಸಲ ಫೇಸಿಂಗ್ (ಅಡಿಮುಖ ಕೆತ್ತಿ ಮಟ್ಟ ಮಾಡುವುದು) ಮಾಡಿದಾಗಲೂ ಲೋಹ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಸ್ಟೀಲ್ ಸ್ಕೇಲ್ ನೆಟ್ಟಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ. 0.05 ಮಿಲಿಮೀಟರಿಗಿಂತ ದಪ್ಪದ ಎಲೆ ಎಲ್ಲಿಯಾದರೂ ಒಳಗೆ ಹೋದರೆ ಹೆಡ್ ಬಾಗಿದೆ ಎಂದರ್ಥ, ಇನ್ನೊಂದು ಫೇಸಿಂಗ್ ಖರ್ಚು ನಿಮ್ಮ ತಲೆಗೆ. ಆಮೇಲೆ ನಾಲ್ಕು ಮೂಲೆಯಲ್ಲೂ ವರ್ನಿಯರ್ ಹಿಡಿದು ಎತ್ತರ ನೋಡಿ, ಸ್ಟಾಕ್ ಹೆಡ್ಡಿನ ಜೊತೆ ಹೋಲಿಸಿ. ನನ್ನ ಹೆಡ್ ನೋಡಿ ಲೇತಿನವರು ಹೇಳಿದ್ದು ಇಷ್ಟೇ: "ಸಾರ್, ಈಗ ನೆಟ್ಟಗಿದೆ. ಆದ್ರೆ ಇನ್ನೊಂದ್ ಫೇಸಿಂಗ್ ತಾಳಲ್ಲ." ಒಮ್ಮೆ ಹೀಟ್ ಆಗಿ ಬಾಗಿದರೆ ಗುಜರಿಗೇ ಎನ್ನುವ ಹೆಡ್ಡಿಗೆ ಪೂರ್ತಿ ಬೆಲೆ ಯಾಕೆ ಕೊಡಬೇಕು? ಮಾರುವವರೂ ಇದನ್ನು ಒಪ್ಪಿಕೊಂಡರು.

ಫೇಸಿಂಗ್ ಹೆಚ್ಚಾದರೆ ಪೆಟ್ರೋಲ್ ಉರಿಯುವ ಜಾಗ (ಚೇಂಬರ್) ಕಿರಿದಾಗಿ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ, ಏರುತ್ತದೆ. ಎಷ್ಟು ಏರಿದೆ ಎಂದು ಬಾಯಿಮಾತಿನಲ್ಲಿ ನಂಬಬೇಡಿ, ಅಳೆಯಬಹುದು. ಹೆಡ್ಡನ್ನು ತಲೆಕೆಳಗಾಗಿ ಮಟ್ಟಸವಾಗಿಟ್ಟು, ಸ್ಪಾರ್ಕ್ ಪ್ಲಗ್ ಹಾಕಿ, ಚೇಂಬರ್ ಅಂಚಿಗೆ ಗ್ರೀಸ್ ಹಚ್ಚಿ, ತೂತು ಕೊರೆದ ಅಕ್ರಿಲಿಕ್ ತುಂಡು ಮುಚ್ಚಿ, ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿಸಿ. ಎಷ್ಟು ಸಿಸಿ ಹಿಡಿಯಿತೋ ಅದೇ ಚೇಂಬರ್ ಅಳತೆ. ಈ ಎಂಜಿನ್ನಿನ ಬೋರ್ 74 ಮಿ.ಮೀ., ಸ್ಟ್ರೋಕ್ 75.5. ಅಂದರೆ ಒಂದು ಸಿಲಿಂಡರಿಗೆ ಸುಮಾರು 325 ಸಿಸಿ. ಕಂಪ್ರೆಷನ್ ಅನುಪಾತ 9.5 ಎಂದು ಹಿಡಿದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 38 ಸಿಸಿ. ಅದರಲ್ಲಿ ಬರೀ 2 ಸಿಸಿ ಕಳೆದರೂ ಅನುಪಾತ 10ರ ಹತ್ತಿರ ಹೋಗುತ್ತದೆ. ನಾಲ್ಕು ಚೇಂಬರೂ ಸಮ ಇರಬೇಕು. ಒಂದೊಂದು ಒಂದೊಂದು ಅಳತೆ ತೋರಿಸಿದರೆ ಗ್ರೈಂಡರ್ ಹಿಡಿದವರು ಕಣ್ಣಂದಾಜಿನಲ್ಲಿ ಉಜ್ಜಿದ್ದಾರೆ ಎಂದು ತಿಳಿಯಿರಿ. ಪೋರ್ಟಿನ ಒಳಗೂ ಅದೇ ಕೈಚಳಕ ನಡೆದಿರುತ್ತದೆ.

ಕೊಡಗಿನಲ್ಲಿರುವವರು ಒಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಲೇಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಶೇಕಡ 13ರಷ್ಟು ಕಮ್ಮಿ. ಮಂಗಳೂರಿನಲ್ಲಿ ಕಂಪ್ರೆಷನ್ ಗೇಜ್ 200 ಪೌಂಡ್ (ಪಿಎಸ್‌ಐ) ತೋರಿಸುವ ಎಂಜಿನ್, ಏನೂ ಕೆಡದಿದ್ದರೂ, ಮಡಿಕೇರಿಯಲ್ಲಿ 175ರ ಆಸುಪಾಸು ತೋರಿಸುತ್ತದೆ. ಆದ್ದರಿಂದ ಘಾಟಿ ಕೆಳಗೆ ತೆಗೆದ ರೀಡಿಂಗ್ ತೋರಿಸಿ "ನೋಡಿ ಎಷ್ಟು ಚೆನ್ನಾಗಿದೆ" ಎಂದವರ ಲೆಕ್ಕವನ್ನು ಇಲ್ಲಿನ ರೀಡಿಂಗಿಗೆ ಹೋಲಿಸಬೇಡಿ. ಸಿಲಿಂಡರ್ ಸಿಲಿಂಡರ್ ನಡುವಿನ ವ್ಯತ್ಯಾಸ ನೋಡಿ, ಅದು ಎಲ್ಲಿ ಅಳೆದರೂ ಸುಳ್ಳು ಹೇಳುವುದಿಲ್ಲ.

ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಉರಿದು ಎಂಜಿನ್ ಟಕಟಕ ಅನ್ನುವುದು) ವಿಷಯವೂ ಹಾಗೆಯೇ. ಮೇಲೆ ಗಾಳಿ ತೆಳು, ಹಾಗಾಗಿ ಏರಿಸಿದ ಕಂಪ್ರೆಷನ್ ಇಲ್ಲಿ ತಂಟೆ ಕೊಡುವುದಿಲ್ಲ. ನನ್ನ ಗಾಡಿ ಮಡಿಕೇರಿ, ಭಾಗಮಂಡಲದ ಏರಿನಲ್ಲಿ ಒಮ್ಮೆಯೂ ಟಕಟಕ ಅಂದದ್ದಿಲ್ಲ. ಜೋಡುಪಾಲ ದಾಟಿ ಸಂಪಾಜೆಗೆ ಇಳಿದು, ಸುಳ್ಯದ ಬಿಸಿಲಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಮಾನ್ಯ ಪೆಟ್ರೋಲಿನಲ್ಲಿ ಸದ್ದು ಶುರು. ಘಾಟಿ ಇಳಿಯುವ ದಿನ ಪ್ರೀಮಿಯಂ ಪೆಟ್ರೋಲ್ ಹಾಕಿಸುವ ಅಭ್ಯಾಸ ಆಗ ಬಂತು. ಈ ಖರ್ಚನ್ನೂ ಹೆಡ್ಡಿನ ಬೆಲೆಗೆ ಸೇರಿಸಿಕೊಳ್ಳಿ.

ಇನ್ನು ಪೋರ್ಟಿಂಗ್. ಟಾರ್ಚ್ ಬಿಟ್ಟರೆ ಕನ್ನಡಿ ಥರ ಹೊಳೆಯುವ ಇನ್‌ಟೇಕ್ ಪೋರ್ಟ್ ನೋಡಿ ಮರುಳಾಗುವವರು ಬಹಳ. ಹೊಳಪಿಗೆ ಬೆಲೆ ಇಲ್ಲ. ಇನ್‌ಟೇಕ್ ಒಳಮೈ ಸ್ವಲ್ಪ ಒರಟಾಗಿದ್ದರೆ ನಷ್ಟವೇನಿಲ್ಲ, ಪೆಟ್ರೋಲ್ ಹನಿ ಗೋಡೆಗೆ ಅಂಟಿ ಹರಿಯುವುದು ಕಮ್ಮಿಯಾಗುತ್ತದೆ. ಎಕ್ಸಾಸ್ಟ್ ಕಡೆ ನುಣುಪು ಇದ್ದರೆ ಕಾರ್ಬನ್ ಬೇಗ ಕೂರುವುದಿಲ್ಲ, ಅಷ್ಟು ಲಾಭ. ನಿಜವಾದ ಕೆಲಸ ಕಾಣುವುದು ವಾಲ್ವ್ ಸೀಟಿನ (ವಾಲ್ವ್ ಮುಚ್ಚಿಕೊಂಡು ಕೂರುವ ಉಂಗುರದ) ಕೆಳಗೆ ಪೋರ್ಟ್ ತಿರುಗುವ ಜಾಗದಲ್ಲಿ. ಅಲ್ಲಿ ಅಂಚು ಮೆಟ್ಟಿಲಿಲ್ಲದೆ ಸೇರಿದ್ದರೆ, ಸೀಟಿಗೆ ಮೂರು ಕೋನದ ಕಟ್ ಸರಿಯಾಗಿ ಕೊಟ್ಟಿದ್ದರೆ, ಅದಕ್ಕೆ ಹೆಚ್ಚು ದುಡ್ಡು ಕೊಡಬಹುದು. ನನ್ನದರಲ್ಲಿ ಈ ಕೆಲಸ ಚೆನ್ನಾಗಿತ್ತು, ಮಾಡಿದವರ ಕೈಗೆ ನಮಸ್ಕಾರ. ಆದರೆ ಪೋರ್ಟಿನ ಅಗಲ ಜಾಸ್ತಿ. ಅಗಲವಾದರೆ ಕಡಿಮೆ ಆರ್‌ಪಿಎಮ್ಮಿನಲ್ಲಿ ಗಾಳಿಯ ವೇಗ ಬೀಳುತ್ತದೆ. 4,000 ದಾಟಿದ ಮೇಲೆ ಗಾಡಿ ನುಗ್ಗುವ ರೀತಿ ಗದ್ದೆಯ ಟ್ರ್ಯಾಕಿನಲ್ಲಿ ಮನಸ್ಸು ತುಂಬುತ್ತದೆ. ಅದೇ ಗಾಡಿಗೆ ಕಾಫಿ ಮೂಟೆ ಹೇರಿ ಕೆಸರಿನ ಏರಿನಲ್ಲಿ ಮೊದಲ ಗೇರಿಗೆ ಹಾಕಿದರೆ ಸ್ಟಾಕ್ ಹೆಡ್ಡಿನ ಪುಲ್ಲಿಂಗ್ ಇಲ್ಲ. ತೋಟದ ಕೆಲಸಕ್ಕೇ ಗಾಡಿ ಇಟ್ಟವರಿಗೆ ಈ ಪೋರ್ಟಿಂಗಿನ ಬೆಲೆ ಸೊನ್ನೆಗಿಂತ ಕೆಳಗೆ ಎಂದೇ ನನ್ನ ಅಭಿಪ್ರಾಯ.

ಉಳಿದ ಪರೀಕ್ಷೆಗಳು ಯಾವ ಹಳೇ ಹೆಡ್ಡಿಗಾದರೂ ಒಂದೇ. ಪೋರ್ಟಿಗೆ ಪೆಟ್ರೋಲ್ ಸುರಿದು ವಾಲ್ವ್ ಸುತ್ತ ಜಿನುಗುತ್ತದೆಯೇ ನೋಡಿ. ವಾಲ್ವ್ ಅರ್ಧ ಎತ್ತಿ ಅಲ್ಲಾಡಿಸಿ, ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಸವೆದಿದ್ದರೆ ಕೈಗೆ ಗೊತ್ತಾಗುತ್ತದೆ. ಪ್ಲಗ್ ತೂತಿನಿಂದ ಸೀಟಿನವರೆಗೆ ಸಣ್ಣ ಬಿರುಕಿಗೆ ಡೈ ಟೆಸ್ಟ್ (ಬಣ್ಣ ಹಚ್ಚಿ ನೋಡುವುದು), ನೀರಿನ ದಾರಿಗೆ ಪ್ರೆಷರ್ ಟೆಸ್ಟ್, ಎರಡೂ ಬೇಕೇ ಬೇಕು. ಪೋರ್ಟ್ ಅಗಲ ಮಾಡುವಾಗ ಗೋಡೆ ತೆಳುವಾಗಿ ನೀರಿನ ಜಾಕೆಟ್ ತನಕ ಹೋಗಿರುವ ಹೆಡ್ಡುಗಳು ಇವೆ. ಕೂಲೆಂಟ್ ಹಾಕದೆ ತೋಡಿನ ನೀರು ತುಂಬಿಸಿ ಓಡಿಸಿದ ಹೆಡ್ಡಿನಲ್ಲಿ ನೀರಿನ ತೂತಿನ ಅಂಚು ತಿಂದು ಹೋಗಿರುತ್ತದೆ, ಗ್ಯಾಸ್ಕೆಟ್ ಎಷ್ಟು ಒಳ್ಳೆಯದಾದರೂ ಅಲ್ಲಿ ನಿಲ್ಲುವುದಿಲ್ಲ. ನನಗೆ ಬೇಕಾದದ್ದು ನಾಲ್ಕು ಎಕ್ಸಾಸ್ಟ್ ಗೈಡ್, ಎಲ್ಲ ವಾಲ್ವ್ ಸೀಲ್, ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು). ಈ ಖರ್ಚಿನ ಅಂದಾಜನ್ನು ಮೊದಲೇ ಬರೆಸಿಕೊಂಡು ಕೇಳಿದ ಬೆಲೆಯಿಂದ ಕಳೆದೆ. ಹಾಕಿದಾಗಿನಿಂದ ಆಯಿಲ್ ಕುಡಿಯುವುದಿಲ್ಲ, ಮಳೆಗಾಲದ ಬೆಳಗಿನ ಚಳಿಯಲ್ಲೂ ಒಂದೇ ಸೆಲ್ಫಿಗೆ ಸ್ಟಾರ್ಟ್. ಐಡಲ್ ಮಾತ್ರ ಸ್ವಲ್ಪ ನಡುಗುತ್ತದೆ.

ಕೊಳ್ಳುವ ಮನಸ್ಸಿದ್ದರೆ ಹೆಡ್ಡಿನ ಜೊತೆ ವಾಲ್ವ್ ತೆರೆಸುವ ಅದರದ್ದೇ ಕ್ಯಾಮ್, ರಾಕರ್ ಕೇಳಿ ಪಡೆಯಿರಿ. ಸವೆದು ಒಂದಕ್ಕೊಂದು ಹೊಂದಿಕೊಂಡ ಭಾಗಗಳನ್ನು ಬೇರೆ ಮಾಡಿದರೆ ಬೇಗ ಹಾಳು. ಫೇಸಿಂಗ್ ಆಗಿ ಹೆಡ್ ತಗ್ಗಿದಾಗ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತು) ಸ್ವಲ್ಪ ಹಿಂದೆ ಬೀಳುತ್ತದೆ. ಅದನ್ನು ಸರಿಪಡಿಸುವ ಅಡ್ಜಸ್ಟಬಲ್ ಪುಲ್ಲಿ ಅವರ ಹತ್ತಿರ ಇದ್ದರೆ ಅದಕ್ಕೆ ಬೇರೆ ದುಡ್ಡು ಕೊಟ್ಟಾದರೂ ತನ್ನಿ. ನನಗೆ ಸಿಕ್ಕಿತ್ತು, ಅದಿಲ್ಲದೆ ಈ ಹೆಡ್ಡಿಗೆ ನಾನು ಸ್ಟಾಕ್ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡುತ್ತಿರಲಿಲ್ಲ.