ಕನ್ನಡಿಯಂತಿದ್ದ ಅಳಿವೆಯನ್ನು ನಂಬಿ ನೀರಿಗಿಳಿದೆವು

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗ್‌ಗೆಂದು ನಾವು ಇಳಿದದ್ದು ಹಿನ್ನೀರು ಕಡಲನ್ನು ಸೇರುವ ಕಿರಿದಾದ ಅಳಿವೆಯೊಂದರಲ್ಲಿ. ಆಳ ಬರೀ 14 ಮೀಟರ್. ಗಾಳಿಯಿರಲಿಲ್ಲ, ಅಲೆಯಿರಲಿಲ್ಲ. ಉಬ್ಬರ ಒಂಬತ್ತು ಗಂಟೆಗೆ ತುದಿ ಮುಟ್ಟುತ್ತದೆ ಎಂದು ಪಟ್ಟಿಯಲ್ಲಿ ನೋಡಿಕೊಂಡಿದ್ದೆವು. ಏರಿದ ನೀರು ಇಳಿಯತೊಡಗುವ ಮುನ್ನ ತುಸು ಹೊತ್ತು ಸೆಳೆತ ನಿಲ್ಲುತ್ತದೆ, ಆಗಲೇ ಮುಳುಗಿ ಬರಬೇಕು ಎಂಬುದೂ ಗೊತ್ತಿತ್ತು. ಆದರೆ ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಹದಮಾಡಿ ಕೊಡುವ ಗೆಳೆಯನ ರೆಗ್ಯುಲೇಟರ್ ಸೋರುತ್ತಿತ್ತು. ಅದನ್ನು ಸರಿಪಡಿಸಿ ನೀರಿನ ಬಳಿ ಬರುವಷ್ಟರಲ್ಲಿ ಹನ್ನೊಂದಾಯಿತು. ದೋಣಿಯವನು ಕೈ ತೋರಿಸಿ, "ನೋಡಿ, ಕನ್ನಡಿಯ ಹಾಗಿದೆ" ಎಂದ. ನಾವೂ ನೋಡಿದೆವು, ಒಪ್ಪಿದೆವು.

ಲಂಗರಿನ ಹಗ್ಗ ಹಿಡಿದು ಇಳಿಯುವಾಗ ನಮ್ಮ ಉಸಿರಿನ ಗುಳ್ಳೆಗಳು ನೆಟ್ಟಗೆ ಮೇಲೇರದೆ ಓರೆಯಾಗಿ ಕಡಲಿನತ್ತ ಓಡುತ್ತಿದ್ದವು. ತಳದ ಹುಲ್ಲು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿತ್ತು. ಆ ಕ್ಷಣವೇ ತಿರುಗಿ ಹತ್ತಬೇಕಿತ್ತು. ನಾವು ಹಗ್ಗ ಬಿಟ್ಟೆವು.

ಅಲ್ಲಿಂದ ಮುಂದೆ ಈಜು ನಮ್ಮ ಕೈಯಲ್ಲಿರಲಿಲ್ಲ. ಎಷ್ಟು ಕಾಲು ಬಡಿದರೂ ಹಗ್ಗ ದೂರವಾಗುತ್ತಲೇ ಹೋಯಿತು. ಒಂದು ಬಂಡೆಯನ್ನು ತಬ್ಬಿ ಹಿಡಿದೆವು. ತಲೆಯನ್ನು ಪಕ್ಕಕ್ಕೆ ತಿರುಗಿಸಿದರೆ ಮುಖವಾಡವೇ ಕಿತ್ತುಹೋಗುವಂತೆ ನಡುಗುತ್ತಿತ್ತು. ಚಿಪ್ಪುಗಳು ಕೈಗವಸನ್ನು ಸೀಳಿ ಅಂಗೈಗೆ ಇಳಿದವು. ಒತ್ತಡ ಮಾಪಕ ನೋಡಿದರೆ ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್ ಇದ್ದದ್ದು ಹನ್ನೆರಡೇ ನಿಮಿಷಗಳಲ್ಲಿ 90ಕ್ಕೆ ಬಂದಿತ್ತು. ಗೆಳೆಯನ ಕಣ್ಣುಗಳು ಅಗಲವಾಗಿದ್ದವು. ಅವನ ತೋಳು ಹಿಡಿದು ಬಂಡೆ ಬಿಡುವಂತೆ ಸನ್ನೆ ಮಾಡಿದೆ. ಕಿತ್ತಳೆ ಬಣ್ಣದ ಗುರುತಿನ ಕೊಳವೆಗೆ ಗಾಳಿ ತುಂಬಿ ಮೇಲಕ್ಕೆ ಬಿಟ್ಟು, ಮೈಯಲ್ಲಿ ಕರಗಿದ ಅನಿಲ ನಿಧಾನವಾಗಿ ಹೊರಹೋಗಲೆಂದು 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು, ತೇಲುತ್ತಲೇ ಮೇಲೆ ಬಂದೆವು. ದೋಣಿ ಅಷ್ಟರಲ್ಲಿ ಒಂದು ಚುಕ್ಕೆಯಾಗಿತ್ತು. ಮುಕ್ಕಾಲು ಗಂಟೆಯ ನಂತರ ಮೀನುಗಾರರೊಬ್ಬರು ಆ ಕಿತ್ತಳೆ ಬಣ್ಣ ಕಂಡು ನಮ್ಮನ್ನು ಎತ್ತಿಕೊಂಡರು. "ನಿನ್ನೆ ಹುಣ್ಣಿಮೆ. ಇಳಿತ ಶುರುವಾದ ಮೇಲೆ ಈ ಬಾಯಲ್ಲಿ ನಾವು ಬಲೆಯನ್ನೂ ಹಾಕುವುದಿಲ್ಲ. ಯಾರನ್ನಾದರೂ ಕೇಳಬಾರದಿತ್ತೇ?" ಎಂದರು. ನಾವು ಯಾರನ್ನೂ ಕೇಳಿರಲಿಲ್ಲ.

ಇಳಿತ ಸುಮಾರು ಆರು ಗಂಟೆ ನಡೆಯುತ್ತದೆ, ಆದರೆ ನೀರು ಒಂದೇ ಸಮನೆ ಇಳಿಯುವುದಿಲ್ಲ. ನಾವಿಕರ ಸ್ಥೂಲ ಲೆಕ್ಕದಂತೆ ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು ಪಾಲು. ನಾವು ಇಳಿದದ್ದು ಸರಿಯಾಗಿ ಮೂರನೆಯ ಗಂಟೆಯ ಆರಂಭಕ್ಕೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತವೇ ದೊಡ್ಡದು. ಕಿರಿದಾದ ಬಾಯಲ್ಲಿ ಅಷ್ಟೂ ನೀರು ನುಗ್ಗಬೇಕು. ಇಂಥ ಅಳಿವೆಗಳಲ್ಲಿ ಸೆಳೆತ ನಿಲ್ಲುವ ಹೊತ್ತು ಪಟ್ಟಿಯಲ್ಲಿರುವ ಉಬ್ಬರದ ಹೊತ್ತಿಗೆ ಹೊಂದದೆಯೂ ಇರಬಹುದು. ಆದ್ದರಿಂದ ಪಟ್ಟಿಯೊಂದನ್ನೇ ನಂಬಬೇಡಿ.

ದಡದಲ್ಲಿ ಕುಳಿತು ನೀರನ್ನು ಒಂದು ಗಂಟೆಯಾದರೂ ನೋಡಿ. ಒಣ ಕಡ್ಡಿ ಎಸೆದು ಅದು ಹತ್ತು ಮೀಟರ್ ಸಾಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಇಪ್ಪತ್ತು ಸೆಕೆಂಡಿನಲ್ಲಿ ಸಾಗಿದರೆ ಅದು ಸುಮಾರು ಒಂದು ನಾಟ್ ವೇಗ. ಅದರ ಎದುರು ಬಹಳ ಹೊತ್ತು ಈಜುವ ಶಕ್ತಿ ನಮ್ಮಂಥವರಿಗಿಲ್ಲ. ಸೀಸದ ಗುಂಡು ಕಟ್ಟಿದ ದಾರ ಇಳಿಸಿ, ಎಷ್ಟು ಓರೆಯಾಗುತ್ತದೆ ನೋಡಿ. ಬಲೆಗೆ ಕಟ್ಟಿದ ತೇಲುಬುರುಡೆಗಳು ಒಂದೇ ಕಡೆಗೆ ವಾಲಿವೆಯೇ, ಅವುಗಳ ಹಿಂದೆ ನೀರು ಗೆರೆ ಎಳೆಯುತ್ತಿದೆಯೇ ಎಂಬುದನ್ನೂ ಗಮನಿಸಿ. ಈ ಯಾವುದಕ್ಕೂ ಹಣ ಬೇಕಿಲ್ಲ. ಅಂದು ಒಂದು ಕಡ್ಡಿ ಎಸೆದಿದ್ದರೂ ನಾವು ಇಳಿಯುತ್ತಿರಲಿಲ್ಲ.

ಜಲಾಶಯಗಳಲ್ಲಿ ಉಬ್ಬರವಿಳಿತದ ಚಿಂತೆಯಿಲ್ಲವೆಂದು ಸಮಾಧಾನಪಡಬೇಡಿ. ತೂಬು, ಗೇಟು, ನೀರೆಳೆಯುವ ಕೊಳವೆಗಳ ಬಾಯಿ ಮನುಷ್ಯನನ್ನು ಹಿಡಿದುಕೊಂಡರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅವು ಎಲ್ಲಿವೆ, ಯಾವಾಗ ತೆರೆಯುತ್ತವೆ ಎಂದು ನಿರ್ವಹಿಸುವವರನ್ನೇ ಕೇಳಿ, ಉತ್ತರ ಸಿಗದಿದ್ದರೆ ಇಳಿಯಬೇಡಿ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಕಾಯಿರಿ. ಕೊಚ್ಚಿ ಬಂದ ಹೊಲಸು ಕಣ್ಣು, ಕಿವಿ, ಗಾಯಗಳಿಗೆ ಸೇರುತ್ತದೆ.

ದೋಣಿಯಲ್ಲಿ ನಮ್ಮ ಗುಳ್ಳೆಗಳನ್ನೇ ನೋಡುತ್ತಿರುವ, ಬೇಕೆಂದಾಗ ಲಂಗರು ಬಿಟ್ಟು ಬರಬಲ್ಲ ಒಬ್ಬರಿಲ್ಲದೆ ಈಗ ನಾನು ನೀರಿಗಿಳಿಯುವುದಿಲ್ಲ. ಕಳೆದ ತಿಂಗಳು ಹೊಸ ಜಾಗವೊಂದರಲ್ಲಿ ಸಲಕರಣೆ ಸಿದ್ಧವಾಗುವಾಗ ಇಪ್ಪತ್ತೈದು ನಿಮಿಷ ತಡವಾಯಿತು. ಕಡ್ಡಿ ಎಸೆದು ನೋಡಿದೆವು, ಅದು ಆಗಲೇ ಓಡತೊಡಗಿತ್ತು. ಸಿಲಿಂಡರುಗಳನ್ನು ಹಾಗೆಯೇ ಗಾಡಿಗೆ ಹೇರಿದೆವು.